ಹನ್ನೆರಡಕ್ಕಿಂತ ಇಪ್ಪತ್ತು ದೊಡ್ಡದು

ಹೋದ ತಿಂಗಳು ಮನೆಗೆ ಹೊಸ ನಲ್ಲಿ ಹಾಕಲು ಬಂದ ಪ್ಲಂಬರನಿಗೆ ಬಾಯಿಗೆ ಬಂದಂತೆ ಬೈದುಬಿಟ್ಟೆ. ಪಾಪ, ಅವನು ಮಾಡಿದ್ದು ದೊಡ್ಡ ತಪ್ಪೇನಲ್ಲ. ಒಂದಿಂಚಿನ ಪೈಪನ್ನು ಗೋಡೆಗೆ ಆನಿಸಿ ಅಳತೆ ನೋಡುತ್ತಿದ್ದ. ಕೈಯಲ್ಲಿದ್ದ ಮುಕ್ಕಾಲಿಂಚಿನ ತುಂಡು ಅದರ ಬಾಯೊಳಗೆ ಜಾರಿ, ಗೇಣುದ್ದ ಹೋಗಿ ಕಚ್ಚಿಕೊಂಡಿತು. ತಟ್ಟಿದ, ಊದಿದ, ಕೊನೆಗೆ ನಕ್ಕು, “ಹೊರಗಿಂದ ನೋಡಿದ್ರೆ ಒಳಗೊಂದು ಐತೆ ಅಂತಾನೇ ಗೊತ್ತಾಗಲ್ಲ ನೋಡಮ್ಮಾ” ಅಂದ. ಅಷ್ಟೇ. ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು. ಒಂದು ತುಂಡು ಪೈಪಿಗೆ ಇಷ್ಟು ರೇಗಾಡುವ ಹೆಂಗಸನ್ನು ತಾನು ನೋಡೇ ಇಲ್ಲ ಎಂದು ನನ್ನ ಸೊಸೆಯ ಹತ್ತಿರ ಹೇಳಿಕೊಂಡನಂತೆ.

ನಾನು ಬೈದದ್ದು ಅವನಿಗಲ್ಲ. ಯಾರಿಗೆ ಎಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇದರ ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ, ಸಿಟ್ಟು ಮಾತ್ರ ನನ್ನದೇ.

ನನ್ನನ್ನು ಕೊಟ್ಟದ್ದು ಈ ಸಮೇತನಹಳ್ಳಿಗೆ. ತವರು ಸೂಲಿಬೆಲೆಯ ಪಕ್ಕದ ಒಂದು ಸಣ್ಣ ಊರು, ಊರಿಗಿಂತ ಅದರ ಕೆರೆಯೇ ದೊಡ್ಡದು. ಅಪ್ಪನ ಹೆಸರಿನಲ್ಲಿ ಒಂಟಿ ನಳಿಕೆಯ ಬಂದೂಕಿತ್ತು, ಹನ್ನೆರಡು ಬೋರಿನದು. ಲೈಸೆನ್ಸ್ ಕೊಟ್ಟದ್ದು ಬೆಳೆ ಕಾಯುವುದಕ್ಕೆ. ನನ್ನ ಅಣ್ಣ ಮುನಿರಾಜ ಅದರಲ್ಲಿ ಕೆರೆಯ ಬಾತು ಹೊಡೆಯುತ್ತಿದ್ದ. ಅದು ಆಗಲೂ ಕಾನೂನಿಗೆ ವಿರುದ್ಧವೇ. ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ಬಾತಿನ ಸಾರು ಉಂಡವರಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು. ಈಗ ಅದೇ ಕೆರೆಯ ಏರಿಯ ಮೇಲೆ ಭಾನುವಾರ ಬೆಂಗಳೂರಿನವರು ಉದ್ದ ಮೂತಿಯ ಕ್ಯಾಮೆರಾ ಹಿಡಿದು ಉಸಿರು ಬಿಗಿಹಿಡಿದು ಕೂರುತ್ತಾರೆ. ಅವರನ್ನು ನೋಡಿದಾಗ ನನಗೆ ನಾಚಿಕೆಯೂ ಆಗುತ್ತದೆ, ಬಾತಿನ ಸಾರಿನ ವಾಸನೆಯೂ ನೆನಪಾಗುತ್ತದೆ. ಎರಡೂ ನಿಜ.

ಅಣ್ಣನಿಗೆ ಹೊಡೆಯುವುದಕ್ಕಿಂತ ತೋಟಾ ತಯಾರಿಸುವುದರಲ್ಲೇ ಹೆಚ್ಚು ಆಸೆ. ಒಂದು ಸಲ ಹೊಡೆದ ತೋಟಾದ ಖಾಲಿ ಚಿಪ್ಪನ್ನು ಎಸೆಯದೆ, ಜಗಲಿಯ ಮೇಲೆ ಚಾಪೆ ಹಾಸಿ ಮತ್ತೆ ತುಂಬುತ್ತಿದ್ದ. ಮದ್ದು, ಅದರ ಮೇಲೆ ರಟ್ಟಿನ ಬಿಲ್ಲೆ, ಮೇಲೆ ಚರೆ ಎನ್ನುವ ಸೀಸದ ಸಣ್ಣ ಗುಂಡುಗಳು, ಬಾಯಿಗೆ ಮೇಣ. ಮದ್ದು ಅಳೆಯಲು ಒಂದು ಪುಟ್ಟ ಹಿತ್ತಾಳೆ ಚಮಚವಿತ್ತು. ತುಂಬಿ, ಬೆಂಕಿಪೊಟ್ಟಣದ ಅಂಚಿನಿಂದ ಸಮ ಮಾಡಿ, ಉಸಿರು ತಾಗದಂತೆ ಮುಖ ಆಚೆ ತಿರುಗಿಸಿ ಸುರಿಯುತ್ತಿದ್ದ. ಅದೇ ಕೈ ಪಂಪ್‌ಸೆಟ್ ಮೋಟಾರುಗಳಿಗೆ ತಂತಿಯನ್ನೂ ಸುತ್ತುತ್ತಿತ್ತು. ಅವನು ಸುತ್ತಿದ ಮೋಟಾರು ಸುಟ್ಟಿತು ಎಂದು ವಾಪಸು ತಂದವರಿರಲಿಲ್ಲ.

ಬಾತಿಗೆ ಯಾವ ತೋಟಾ ಎನ್ನುವುದರ ಮೇಲೆ ಅವನು ಒಂದು ಗಂಟೆ ಮಾತಾಡಬಲ್ಲ. ಬಾತಿನ ಪುಕ್ಕ ಒತ್ತಾಗಿರುತ್ತದೆ, ಸಣ್ಣ ಚರೆ ಗರಿಯ ಮೇಲೇ ನಿಲ್ಲುತ್ತದೆ. ತೀರ ದಪ್ಪ ಚರೆಯಾದರೆ ತೋಟಾದಲ್ಲಿ ಹಿಡಿಯುವುದೇ ಕೆಲವು, ಅವುಗಳ ನಡುವೆ ಹಕ್ಕಿ ತೂರಿ ಹೋಗುತ್ತದೆ. ದೂರಕ್ಕೆ ನಾಲ್ಕನೇ ನಂಬರು, ಜೊಂಡಿನ ಹತ್ತಿರಕ್ಕೆ ಬಂದರೆ ಆರನೇ ನಂಬರು. ನಂಬರು ಏರಿದಷ್ಟೂ ಚರೆ ಸಣ್ಣದು. ಇದನ್ನೆಲ್ಲ ಅವನು ಊರಿನ ಹುಡುಗರಿಗೆ ಹೇಳುತ್ತಿದ್ದ. ನಾನು ಅಲ್ಲೇ ಪಕ್ಕದಲ್ಲಿ ರಾಗಿ ಕೇರುತ್ತಾ ಕೂತಿರುತ್ತಿದ್ದೆ. ನನಗೆ ಹೇಳುತ್ತಿರಲಿಲ್ಲ. ಬಂದೂಕಿನ ವಿಷಯದಲ್ಲಿ ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ, ಕಡ್ಡಿಗೆ ಎಣ್ಣೆಬಟ್ಟೆ ಸುತ್ತಿ ನಳಿಕೆ ಒರೆಸುವುದು. ಪಾತ್ರೆ ತೊಳೆಯುವವಳಿಗೆ ಇನ್ನೊಂದು ಪಾತ್ರೆ ಸಿಕ್ಕ ಹಾಗೆ.

ಆಗ ಬೆಂಗಳೂರಿನ ಒಬ್ಬ ಕಂಟ್ರಾಕ್ಟರು ಜೀಪಿನಲ್ಲಿ ಬರುತ್ತಿದ್ದ. ಅವನದು ಇಪ್ಪತ್ತು ಬೋರಿನ ಜೋಡುನಳಿಕೆ, ನೋಡಲು ಬಲು ನಾಜೂಕು. ಅಣ್ಣನಿಗೂ ಅವನಿಗೂ ಪ್ರತಿ ಸಲ ಅದೇ ಜಗಳ. ಇಪ್ಪತ್ತು ಹಗುರ, ಹಾರುವ ಹಕ್ಕಿಯ ಹಿಂದೆ ಬೇಗ ತಿರುಗುತ್ತದೆ ಎಂದು ಅವನು. ಭಾರ ಇದ್ದರೇನು, ಹನ್ನೆರಡರಲ್ಲಿ ಚರೆ ಹೆಚ್ಚು ಹಿಡಿಯುತ್ತದೆ, ಬಾತಿಗೆ ಅದೇ ಸರಿ ಎಂದು ಇವನು. ನಾನು ಕಾಫಿ ಲೋಟ ಕೊಡುತ್ತಾ ಒಮ್ಮೆ, ಹನ್ನೆರಡಕ್ಕಿಂತ ಇಪ್ಪತ್ತೇ ದೊಡ್ಡದಲ್ಲವಾ ಎಂದು ಕೇಳಿಬಿಟ್ಟೆ. ಕಂಟ್ರಾಕ್ಟರು ಕಾಫಿ ಚೆಲ್ಲುವಷ್ಟು ನಕ್ಕ. ಅಣ್ಣನೂ ನಕ್ಕ. ಬಂದೂಕಿನ ಬಾಯಿಗೂ ಚರೆಯ ಹಾಗೆಯೇ ನಂಬರು ಏರಿದಷ್ಟೂ ಅಳತೆ ಸಣ್ಣದು ಎನ್ನುವ ಒಂದು ಮಾತನ್ನು ಇಬ್ಬರಲ್ಲಿ ಒಬ್ಬರೂ ನನಗೆ ಹೇಳಲಿಲ್ಲ. ಅರ್ಧ ನಿಮಿಷದ ಮಾತು. ಹೇಳಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಆ ಸಲ ಕಂಟ್ರಾಕ್ಟರು ಐದು ಹಳದಿ ತೋಟಾಗಳನ್ನು ನಮ್ಮ ಗೋಡೆಯ ಗೂಡಿನಲ್ಲಿ ಮರೆತು ಹೋದ.

ನನಗಾಗ ಹದಿನಾರು. ಒಂದು ಸಂಜೆ, ಇನ್ನೂ ಬಿಸಿಲಿತ್ತು, ಅಣ್ಣ ಡೇರಿಗೆ ಹಾಲು ಹಾಕಲು ಹೋಗಿದ್ದ, ಮನೆಯಲ್ಲಿ ಯಾರೂ ಇರಲಿಲ್ಲ. ಗೂಟದಲ್ಲಿದ್ದ ಬಂದೂಕು ಇಳಿಸಿಕೊಂಡು, ಒಂದು ಹಳದಿ ತೋಟಾ ಹಿಡಿದು ಹುಲ್ಲಿನ ಬಣವೆಯ ಹಿಂದಕ್ಕೆ ಹೋದೆ. ಒಂದೇ ಒಂದು ಸಲ ಹೊಡೆಯಬೇಕು, ನಕ್ಕವರಿಗೆ ತೋರಿಸಬೇಕು. ನಳಿಕೆ ಬಗ್ಗಿಸಿ ತೋಟಾ ಹಾಕಿದೆ. ನುಂಗಿದ ಹಾಗೆ ಒಳಗೆ ಹೋಯಿತು. ಮುಚ್ಚಿ, ಕೆರೆಯ ಕಡೆ ಹಿಡಿದು ಬಂದೂಕಿನ ಕುದುರೆ ಎಳೆದೆ. ಟಕ್ ಎಂದಿತು, ಅಷ್ಟೆ. ಬಿಚ್ಚಿ ನೋಡಿದರೆ ತೋಟಾ ಇಲ್ಲ. ಹುಲ್ಲಿನಲ್ಲಿ ಬಿದ್ದಿರಬೇಕು ಎಂದುಕೊಂಡು ಮಂಡಿಯೂರಿ ತಡಕಾಡಿದೆ. ಅದು ನಳಿಕೆಯೊಳಗೆ ಮುಂದಕ್ಕೆ ಜಾರಿ ಸಿಕ್ಕಿಕೊಂಡಿರುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಆಕಾಶಕ್ಕೆ ಹಿಡಿದು ಒಮ್ಮೆ ಇಣುಕಿದ್ದರೆ ಗೊತ್ತಾಗುತ್ತಿತ್ತು. ಇಣುಕಲಿಲ್ಲ. ಅಷ್ಟರಲ್ಲಿ ಅಣ್ಣನ ಸೈಕಲ್ ಸದ್ದಾಯಿತು. ಓಡಿ ಹೋಗಿ ಬಂದೂಕನ್ನು ಗೂಟಕ್ಕೆ ಹಾಕಿದೆ.

ಅವನು ಸೈಕಲ್ ನಿಲ್ಲಿಸುತ್ತಿರುವಾಗಲೇ ಏರಿಯ ಮೇಲಿಂದ ಯಾರೋ, ಮೂಲೆಯಲ್ಲಿ ಬಾತು ಇಳಿದಿವೆ ಎಂದು ಕೂಗಿದರು. ಬಂದೂಕು ತಾ ಅಂದ. ತಂದು ಕೈಗೆ ಕೊಟ್ಟೆ. ದಿನವೂ ಅವನೇ ನಳಿಕೆಯನ್ನು ಆಕಾಶಕ್ಕೆ ಹಿಡಿದು ನೋಡುತ್ತಿದ್ದ. ಅವತ್ತು ಆತುರ.

“ನಳಿಕೆ ಒರ್ಸಿದ್ದೀಯಾ?”

“ಹ್ಞೂಂ.”

ನನ್ನ ಜೀವನದಲ್ಲಿ ನಾನು ಆಡಿದ ಮಾತುಗಳಲ್ಲಿ ಇದರಷ್ಟು ಚಿಕ್ಕದು ಇನ್ನೊಂದಿಲ್ಲ. ಒರೆಸಿರಲಿಲ್ಲ. ಒರೆಸಿದ್ದರೆ ಕಡ್ಡಿ ತಡೆಯುತ್ತಿತ್ತು. ಇಲ್ಲ ಅಂದಿದ್ದರೆ ಅವನೇ ನೋಡುತ್ತಿದ್ದ. ಬಂದೂಕು ಮುಟ್ಟಿದ್ದಕ್ಕೆ ಬೈಯುತ್ತಾನೆ ಎನ್ನುವ ಹೆದರಿಕೆಗೆ ಹ್ಞೂಂ ಅಂದೆ. ಅವನು ತಾನೇ ತುಂಬಿದ ತೋಟಾ ಹಾಕಿ, ಕೆರೆಯ ಮೂಲೆಯಲ್ಲಿ ಹೊಡೆದ. ಹಿಂದಿನ ತೋಟಾ ಮುಂದಿನದಕ್ಕೆ ಬಡಿದು ನಳಿಕೆಯೇ ಸೀಳಿತು. ಎಡಗೈ ನಳಿಕೆಯ ಕೆಳಗೆ ಅಲ್ಲೇ ಇತ್ತು. ಮೂರು ಬೆರಳು ಹೋದವು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಹಿರಿಯರು ಸುತ್ತ ನಿಂತು, ನಳಿಕೆಯಲ್ಲಿ ಏನಾದರೂ ಕಟ್ಟಿಕೊಂಡಿತ್ತೇ ಎಂದು ಕೇಳಿದರು. ಅಣ್ಣ ನೋವಿನಲ್ಲೇ ತಲೆ ಅಲ್ಲಾಡಿಸಿದ. “ಇಲ್ಲ, ತಂಗಿ ಒರ್ಸಿದ್ಲು. ನಾನೇ ಮದ್ದು ಜಾಸ್ತಿ ಹಾಕಿರ್ಬೇಕು.” ನಾನು ಮಂಚದ ಕಾಲ ಹತ್ತಿರ ಗಂಜಿಯ ಪಾತ್ರೆ ಹಿಡಿದು ನಿಂತಿದ್ದೆ. ಹಳದಿ ತೋಟಾ ಎಲ್ಲಿ ಹೋಗಿತ್ತೆಂದು ನನಗೆ ಆಗ ಹೊಳೆಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬಂದೂಕು ತೆಗೆದುಕೊಂಡು ಹೋದ ಪೊಲೀಸರೂ ಕೇಳಲಿಲ್ಲ. ಹೆಣ್ಣು ಹುಡುಗಿ ಬಂದೂಕಿಗೆ ತೋಟಾ ಹಾಕುತ್ತಾಳೆಂದು ಯಾರ ತಲೆಗೂ ಹೊಳೆಯಲಿಲ್ಲ. ಆ ತಾತ್ಸಾರದ ಮರೆಯಲ್ಲಿ ನಲವತ್ತು ವರ್ಷ ಬಚ್ಚಿಟ್ಟುಕೊಂಡೆ. ಅದರ ಮೇಲೆ ನನಗೆಷ್ಟು ಸಿಟ್ಟಿದೆಯೋ, ಅದು ನನಗೆಷ್ಟು ಅನುಕೂಲವಾಯಿತು ಎನ್ನುವುದರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.

ಊರು ಅವನಿಗೆ ‘ಇನ್ನೊಂದು ಚಮಚ’ ಎಂದು ಹೆಸರಿಟ್ಟಿತು. ಟೀ ಅಂಗಡಿಯಲ್ಲಿ ಅವನು ಕೂತರೆ ಸಾಕು, “ಸಕ್ಕರೆ ಇನ್ನೊಂದ್ ಚಮಚ ಹಾಕ್ಲಾ ಗುರು, ಲೋಟ ಒಡೆದೋದಾತು” ಎಂದು ಯಾರಾದರೊಬ್ಬರು ಶುರು ಮಾಡುತ್ತಿದ್ದರು. ಅವನೂ ನಗುತ್ತಿದ್ದ. ಆ ನಗುವಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನ ಮದುವೆಯಾಯಿತು, ಮಕ್ಕಳಾದವು, ಹಸು ಕಟ್ಟಿ ಬದುಕಿದ. ಆದರೆ ಮೋಟಾರು ಸುತ್ತುವುದನ್ನು ಬಿಟ್ಟ. ಎರಡು ಬೆರಳಿನಲ್ಲೇ ಸುತ್ತಬಹುದಿತ್ತು, ಬಲಗೈ ಸರಿಯಾಗೇ ಇತ್ತು. ತನ್ನ ಅಳತೆಯ ಮೇಲೆ ಅವನಿಗೆ ನಂಬಿಕೆ ಹೋಗಿತ್ತು. ಬೆಳೆಗೆ ಔಷಧಿ ಕಲಸುವಾಗ ಅತ್ತಿಗೆಯನ್ನು ಕರೆದು, ನೋಡು ಸರಿಯಿದೆಯಾ ಎಂದು ಕೇಳುವನು. ಹಸುವಿನ ಬೂಸಾಕ್ಕೆ ಉಪ್ಪು ಹಾಕಲೂ ಮಗನನ್ನು ಕೇಳುವನು. ಅತ್ತಿಗೆ ಅದನ್ನು ಅವನ ಸ್ವಭಾವ ಎಂದುಕೊಂಡಳು. ಸ್ವಭಾವವಲ್ಲ. ಅವನನ್ನು ಹಾಗೆ ಮಾಡಿದ್ದು ನಾನು.

ಪ್ಲಂಬರನಿಗೆ ಬೈದ ಮರುದಿನ ಬಸ್ಸು ಹತ್ತಿ ತವರಿಗೆ ಹೋದೆ. ಅಣ್ಣ ಕೊಟ್ಟಿಗೆಯ ಮುಂದೆ ಹುಲ್ಲು ಕತ್ತರಿಸುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಅವನು ನಂಬಲಿಲ್ಲ. ಯಾರಾದರೂ ಏನಾದರೂ ಅಂದರಾ, ತನ್ನ ಸಮಾಧಾನಕ್ಕೆ ಹೇಳುತ್ತಿದ್ದೀಯಾ ಎಂದು ಕೇಳಿದ. ಆಮೇಲೆ ಕರುಣೆಯಿಂದ ನೋಡುತ್ತಾ, “ನಿಂಗೆ ಬಂದೂಕು ಬಿಚ್ಚಕ್ಕೆ ಎಲ್ಲಿ ಬರ್ತಿತ್ತು ಕಣಮ್ಮ” ಅಂದ.

ತಪ್ಪು ಒಪ್ಪಿಕೊಳ್ಳಲು ಹೋದವಳು ಅಲ್ಲೇ ಜಗಳಕ್ಕೆ ನಿಂತೆ. ಹಿಡಿಯ ಮೇಲಿನ ಸನ್ನೆಕೀಲನ್ನು ಯಾವ ಕಡೆ ತಳ್ಳಬೇಕು, ನಳಿಕೆ ಎಷ್ಟು ಬಗ್ಗುತ್ತಿತ್ತು, ಮುಚ್ಚುವಾಗ ಎಲ್ಲಿ ಸ್ವಲ್ಪ ಹಿಡಿಯುತ್ತಿತ್ತು, ಎಲ್ಲವನ್ನೂ ಹೇಳಿದೆ. ಅವನ ಕೈಯಲ್ಲಿದ್ದ ಕುಡುಗೋಲು ನಿಂತಿತು.

“ಹಳದೀದಾ?”

“ಹಳದೀದು.”

ಕಂಟ್ರಾಕ್ಟರು ತೋಟಾ ವಾಪಸು ಕೇಳಿದಾಗ ಗೂಡಿನಲ್ಲಿ ನಾಲ್ಕೇ ಇದ್ದವಂತೆ. ಐದಿತ್ತಲ್ಲ ಎಂದು ಅವನು ಅಂದಾಗ, ಎಣಿಸಿದ್ದು ತನಗೇ ತಪ್ಪಿರಬೇಕು ಎಂದು ಅಣ್ಣ ಕ್ಷಮೆ ಕೇಳಿದ್ದನಂತೆ. ಇದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಅವನು ಎದ್ದು ನಿಂತು, ಮನೆಯೊಳಗಿದ್ದ ಅತ್ತಿಗೆಯನ್ನು ಕರೆದ. “ನೋಡೇ, ನನ್ನ ಮದ್ದು ಸರಿಯಾಗಿತ್ತಂತೆ. ಇವ್ಳು ಹೇಳ್ತಾವ್ಳೆ ಕೇಳು.” ಮತ್ತೊಮ್ಮೆ ಹೇಳಿಸಿದ. ಮಗನನ್ನು ಕರೆದು ಮೂರನೇ ಸಲ ಹೇಳಿಸಿದ. ಅವನ ಮುಖ ಅರಳುತ್ತದೆ ಎಂದು ಕಾದೆ. ಅರಳಲಿಲ್ಲ. ಅಣ್ಣ ಸಿಟ್ಟಾದದ್ದನ್ನು ನಾನು ಮೊದಲ ಸಲ ನೋಡಿದೆ.

“ಬೆರಳಿಗೆ ನಾನೇನೂ ಅನ್ನಲ್ಲ, ಗೊತ್ತಿಲ್ದೆ ಆಗಿದ್ದು. ಆಸ್ಪತ್ರೇಲಿ ಪಕ್ಕದಲ್ಲೇ ನಿಂತಿದ್ದೆಯಲ್ಲ, ಅವತ್ತು ಹೇಳ್ಬೋದಿತ್ತು. ನನ್ನ ಕೈನ ನಾನೇ ನಂಬ್ದಂಗೆ ಮಾಡ್ಬಿಟ್ಟೆ ನೀನು. ಹೊರಡು.”

ಅತ್ತಿಗೆ ಊಟ ಮಾಡಿಕೊಂಡು ಹೋಗು ಅಂದಳು. ಅವನು ಬೇಡ ಅಂದ. ಹೊರಟೆ.

ಮೊನ್ನೆ ಗೌರಿ ಹಬ್ಬ. ನಮ್ಮ ಕಡೆ ಆ ದಿನ ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ತವರಿನ ಬಾಗಿನ ತರುತ್ತಾರೆ. ನನ್ನ ಮದುವೆಯಾದ ಮೇಲೆ ಒಂದು ವರ್ಷವೂ ಅವನು ತಪ್ಪಿಸಿದವನಲ್ಲ. ಈ ಸಲ ಬರಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯವಳು ಕುಂಕುಮಕ್ಕೆ ಬಂದು, ಯಾಕಕ್ಕಾ ಅಣ್ಣ ಕಾಣಲಿಲ್ಲ, ಹುಷಾರಿಲ್ಲವಾ ಎಂದು ಕೇಳಿದಳು. ಹ್ಞೂಂ ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಎಷ್ಟು ಸುಲಭ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹುಷಾರಾಗಿದ್ದಾನೆ, ಅವನ ಬೆರಳು ಹೋದದ್ದು ನನ್ನಿಂದ, ಈಗ ಹೇಳಿದೆ, ಅದಕ್ಕೇ ಬರಲಿಲ್ಲ ಅಂದೆ. ಅವಳು ಕುಂಕುಮದ ಬಟ್ಟಲಲ್ಲಿ ಬೆರಳಿಟ್ಟುಕೊಂಡೇ ನಿಂತಳು. ಮದ್ದು ಸರಿಯಾಗೇ ಅಳೆದಿದ್ದ, ತಪ್ಪು ನನ್ನದು ಎಂದು ಇನ್ನೊಮ್ಮೆ ಬಿಡಿಸಿ ಹೇಳಿದೆ. ಅವಸರದಲ್ಲಿ ಹಣೆಗೆ ಕುಂಕುಮ ಇಟ್ಟುಕೊಂಡು ಹೊರಟಳು. ಅವಳ ತವರೂ ಸೂಲಿಬೆಲೆ ಕಡೆಯೇ, ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಹೇಳಲಿ. ಅಣ್ಣ ದಿನಾ ಕೂರುವ ಆ ಟೀ ಅಂಗಡಿಯವರೆಗೂ ಮಾತು ಹೋಗಲಿ.