ಗಾಲ್ಫ್ ಮೈದಾನದ ಸೈರನ್

ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ ಮರುವರ್ಷ ಪಾರ್ಸಿಪನಿಯ ಒಂದು ಕಂಪನಿಯಲ್ಲಿದ್ದ ನನ್ನ ಕೆಲಸ ಹೋಯಿತು. ನಮ್ಮ ಡೈರೆಕ್ಟರ್ ಮೈಸೂರಿನವರು. ಫೋನು ಮಾಡಿ ಸುದ್ದಿಯನ್ನೆಲ್ಲ ಇಂಗ್ಲಿಷಿನಲ್ಲಿ ಓದಿ, ಕೊನೆಗೆ ಕನ್ನಡದಲ್ಲಿ ‘ಬೇಜಾರ್ ಮಾಡ್ಕೋಬೇಡಿ’ ಅಂದರು. ಮಾಡಿಕೊಂಡೆ.

ಎರಡು ತಿಂಗಳು ಮನೆಯಲ್ಲಿ ಕೂತು ಸಾಕಾಗಿ, ಹಿಲ್ಸ್‌ಬರೋ ಹತ್ತಿರದ ಒಂದು ಗಾಲ್ಫ್ ಮೈದಾನದಲ್ಲಿ ಕೆಲಸಕ್ಕೆ ಸೇರಿದೆ. ನನಗೆ ಗಾಲ್ಫ್ ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಪುಟ್ಟ ಬ್ಯಾಟರಿ ಗಾಡಿಯಲ್ಲಿ ಸುತ್ತುತ್ತಾ, ನಿಧಾನವಾಗಿ ಆಡುವವರಿಗೆ ಸ್ವಲ್ಪ ಬೇಗ ಆಡಿ ಎಂದು ನಗುನಗುತ್ತಾ ಹೇಳಬೇಕು, ಅಷ್ಟೇ.

ಮೈದಾನ ನೋಡಿಕೊಳ್ಳುತ್ತಿದ್ದ ಹಿರಿಯರು ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯವರು. ತಮ್ಮೂರಿನ ಗಾಲ್ಫ್ ಮೈದಾನದ ಹಾಗೇ ಇದೂ ಇರಲಿ ಎಂದು ಮೂವತ್ತು ವರ್ಷದಿಂದ ಮರ ನೆಡುತ್ತಿದ್ದರು. ಬೇಲಿಯಾಚೆ ಹಸುಗಳಿಲ್ಲ ಎನ್ನುವುದೊಂದೇ ಅವರ ಕೊರಗು. ಮೊದಲ ದಿನ ನನಗೆ ಕಲಿಸಿದ್ದೂ ಒಂದೇ: ಗುಡುಗು ಕೇಳಿಸಿದರೆ ಸೈರನ್ ಒತ್ತಿ ಎಲ್ಲರನ್ನೂ ಶೆಡ್ಡಿಗೆ ಸೇರಿಸುವುದು.

ಆ ವರ್ಷ ವಾರದ ನಡುವೆಯೂ ಜನ ಬರುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ.

ಜೂನಿನ ಒಂದು ಮಂಗಳವಾರ, ಇಸ್ತ್ರಿ ಮಾಡಿದ ಆಫೀಸಿನ ಶರ್ಟು ತೊಟ್ಟ ಒಬ್ಬರು ಚೆಂಡನ್ನು ಹೊಡೆಯದೆ ಸುಮ್ಮನೆ ನೋಡುತ್ತಾ ನಿಂತಿದ್ದರು. ಹತ್ತಿರ ಹೋದರೆ ನಮ್ಮ ಡೈರೆಕ್ಟರ್.

‘ನೀವಾ? ಇಲ್ಲೇನ್ ಮಾಡ್ತಿದೀರಾ?’

‘ಕೆಲಸ, ಸರ್. ನೀವು ಸ್ವಲ್ಪ ಬೇಗ ಆಡ್ಬೇಕು.’

ಅವರು ಚೆಂಡಿನಿಂದ ಕಣ್ಣು ತೆಗೆಯಲಿಲ್ಲ. ‘ನಿಮ್ಮನ್ನ ಕಳಿಸಿದ ಮೂರೇ ವಾರಕ್ಕೆ ನನ್ನನ್ನೂ ಲೇಆಫ್ ಮಾಡಿದ್ರು. ಮನೇಲಿ ಹೇಳಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಕೊಡ್ತಾಳೆ, ತಗೊಂಡು ಯಾವ್ದಾದ್ರೂ ಗಾಲ್ಫ್ ಮೈದಾನಕ್ಕೆ ಡ್ರೈವ್ ಮಾಡ್ತೀನಿ. ಇಲ್ಲಿಗೆ ಇವತ್ತೇ ಮೊದಲು.’

ಅಷ್ಟು ದಿನ ಅವರ ಮೇಲೆ ಜೋಪಾನವಾಗಿ ಇಟ್ಟುಕೊಂಡಿದ್ದ ಸಿಟ್ಟನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ‘ಹಾಗಾದ್ರೆ ನಿಧಾನವಾಗೇ ಆಡಿ, ಸರ್,’ ಅಂದೆ.

ಮಧ್ಯಾಹ್ನ ಗುಡುಗಿತು. ಸೈರನ್ ಒತ್ತಿ, ಅವರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಶೆಡ್ಡಿಗೆ ಬಂದೆ. ಸೈರನ್ ಇನ್ನೂ ಕೂಗುತ್ತಿರುವಾಗಲೇ ಅವರ ಫೋನು ಬಡಿದುಕೊಂಡಿತು. ಹೆಂಡತಿಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

‘ಅದೇನ್ರೀ ಸದ್ದು?’

‘ಫೈರ್ ಡ್ರಿಲ್ ಕಣೇ.’

ಆಗಲೇ ಸ್ವಿಸ್ ಹಿರಿಯರು ಒಳಗೆ ಬಂದು, ಗಾಲ್ಫ್ ಆಡುವವರೆಲ್ಲ ಬಂದರಾ ಎಂದು ಇಂಗ್ಲಿಷಿನಲ್ಲಿ ಕೂಗಿದರು.

ಡೈರೆಕ್ಟರ್ ಕಣ್ಣು ಮುಚ್ಚಿಕೊಂಡರು. ‘ಕೆಲಸ ಹೋಗಿದೆ ಕಣೇ. ಹೇಳೋಕಾಗ್ಲಿಲ್ಲ.’

‘ಗೊತ್ತು. ದಿನಾ ಬೂಟಿಗೆ ಹುಲ್ಲು ಮೆತ್ಕೊಂಡು ಬರ್ತೀರಲ್ಲ, ಯಾವ ಆಫೀಸ್ರೀ ಅದು? ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಊಟ ಮಾಡಿ ಮನೆಗೆ ಬನ್ನಿ.’

ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಡಬ್ಬಿ ಬಿಚ್ಚಿದರು. ಚಿತ್ರಾನ್ನವನ್ನು ಮೂರು ಪಾಲು ಮಾಡಿಕೊಂಡು ತಿಂದೆವು. ಸ್ವಿಸ್ ಹಿರಿಯರು ಕಡಲೆಬೇಳೆಯನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟರು. ಮಳೆ ನಿಲ್ಲುವ ಮೊದಲೇ ಡೈರೆಕ್ಟರ್ ಹೊರಟುಹೋದರು.

ನವೆಂಬರಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ಜನವರಿಯಲ್ಲಿ ನನ್ನನ್ನೂ ಅಲ್ಲಿಗೇ ಕರೆದರು. ಹೋಗಲು ಅಷ್ಟೇನೂ ಮನಸ್ಸಿರಲಿಲ್ಲ. ಆದರೆ ಹಿಮ ಬಿದ್ದು ಮೈದಾನ ಮುಚ್ಚಿತ್ತು, ಹೋದೆ.