ಹರಕೆಯ ಬುಟ್ಟಿ

ನೂಲಿನ ಸೀರೆಯ ನೆರಿಗೆ ಒಂದಿಷ್ಟು ಮೇಲೆತ್ತಿ ಉಟ್ಟು, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಟೀಚರಮ್ಮ ಅಂದ ಕೂಡಲೇ ನನಗೆ ಮೊದಲು ಕಾಣುವುದು ಆ ಪಾದಗಳು. ರಿಪ್ಪನ್‌ಪೇಟೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಸೀರೆಗೆ ಶೂ ಹಾಕಿದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ನೋಡಿದವರು ಸುಮ್ಮನಿರಲೂ ಇಲ್ಲ.

ಹೈಸ್ಕೂಲಿನಲ್ಲಿ ನನಗೆ ಹಿಂದಿ ಕಲಿಸಿದವರು, ಆಮೇಲೆ ಪಕ್ಕದ ಮನೆಯವರು. ನಿವೃತ್ತಿಯಾದ ಮೇಲೆ ಒಮ್ಮೆ ಎದೆ ಹಿಡಿದುಕೊಂಡು ಕುಸಿದರು. ಶಿವಮೊಗ್ಗದ ಡಾಕ್ಟರು ಸ್ಟೆಂಟ್ ಹಾಕಿ, ಮಾತ್ರೆಯ ಜೊತೆಗೆ ದಿನಾ ನಡೆಯಲೇಬೇಕು, ಬಿಟ್ಟರೆ ಮತ್ತೆ ಇಲ್ಲಿಗೇ ಬರುತ್ತೀರಿ ಅಂದರಂತೆ. ನಾಳೆ ಅಂದವನ ಮನೆ ಹಾಳು ಅನ್ನುವುದು ಕ್ಲಾಸಿನಲ್ಲೂ ಅವರ ಮಾತು. ಡಾಕ್ಟರು ಒಪ್ಪಿದ ಕೂಡಲೇ ಶೂ ತರಿಸಿ ಹೊಸನಗರದ ರಸ್ತೆ ಹಿಡಿದರು.

ನಮ್ಮ ಕಡೆ ಒಂದು ಕಾಯಿಲೆ ಇದೆ, ಅದಕ್ಕೆ ಉಪಕಾರ ಅಂತ ಹೆಸರು. ವಯಸ್ಸಾದವರು ನಡೆದು ಹೋಗುವುದು ಕಂಡರೆ ಬೈಕೋ ಜೀಪೋ ನಿಲ್ಲಿಸಿ ಹತ್ತಿಸಿಕೊಳ್ಳಲೇಬೇಕು. ಬಸ್ಸು ಕಡಿಮೆ ಇರುವ ಊರಿನಲ್ಲಿ ಅದು ಒಳ್ಳೆಯ ಗುಣವೇ. ಬೇಡ ಅಂದರೂ ಬಿಡದಿದ್ದರೆ? ಅಡಿಕೆ ಮಂಡಿಯವನೊಬ್ಬ ದಿನಾ ಅವರಿಗೆ ಬೈಕ್ ಅಡ್ಡ ನಿಲ್ಲಿಸುತ್ತಿದ್ದ. ಟೀಚರಮ್ಮ ಅವನಿಗೆ ಹೇಳಿದ್ದು ನನ್ನ ಕಿವಿಯಲ್ಲೇ ಇದೆ.

“ನಾನು ಎಲ್ಲಿಗೂ ಹೋಗ್ತಾ ಇಲ್ಲ ಮಾರಾಯ. ಬರೀ ನಡೀತಾ ಇದೀನಿ.”

ಎಲ್ಲಿಗೂ ಹೋಗದೆ ನಡೆಯುವುದು ಅವನ ತಲೆಗೆ ಹೋಗಲಿಲ್ಲ, ಊರಿನ ತಲೆಗೂ ಹೋಗಲಿಲ್ಲ. ಸೊಸೆ ಸರಿಯಾಗಿ ಊಟ ಹಾಕುವುದಿಲ್ಲವಂತೆ, ಮಗ ಕಾರಿಟ್ಟುಕೊಂಡು ತಾಯಿಯನ್ನು ರಸ್ತೆಗೆ ಬಿಟ್ಟಿದ್ದಾನಂತೆ ಅಂತ ಹೋಟೆಲಿನಲ್ಲಿ ಕೂತವರು ಬನ್ಸ್ ಮುರಿಯುತ್ತಾ ತೀರ್ಮಾನ ಮಾಡಿದರು. ಅವರಲ್ಲಿ ಅರ್ಧ ಜನಕ್ಕೆ ಬಿಪಿ, ಉಳಿದರ್ಧಕ್ಕೆ ಶುಗರ್. ಎದುರಿನ ಅಂಗಡಿಗೂ ಬೈಕ್ ಹತ್ತಿ ಹೋಗುವವರು. ಅವರ ಹೊಟ್ಟೆ, ಅವರ ನಾಲಿಗೆ ಎರಡನ್ನೂ ನೆನೆದರೆ ನನಗೆ ಈಗಲೂ ಅಸಹ್ಯವಾಗುತ್ತದೆ.

ಮಾತು ಸೊಸೆಯ ತವರಿನವರೆಗೂ ಹೋಯಿತು. ಆ ಹುಡುಗಿ ಅತ್ತೆಯ ಮುಂದೆ ಕೂತು ಅತ್ತಳು. ಟೀಚರಮ್ಮ ಶೂ ಬಿಚ್ಚಿ ಅಟ್ಟಕ್ಕೆ ಹಾಕಿ ಮನೆಯಲ್ಲಿ ಕೂತರು. ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಬೈದು ಕಳಿಸಿದರು.

ಅದಾದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಬರಿಗಾಲಲ್ಲಿ, ದಾಸವಾಳ ತುಂಬಿದ ಬೆತ್ತದ ಬುಟ್ಟಿ ಹಿಡಿದು ಹೊರಟಿದ್ದಾರೆ. ಊರಾಚೆಯ ಗಣಪತಿ ಗುಡಿಗೆ ದಿನಾ ನಡೆದೇ ಬರುತ್ತೇನೆಂದು ಹರಕೆಯಂತೆ. ದೇವರಿಗೆ ಮನೆಯಲ್ಲೇ ಕೈ ಮುಗಿದರೆ ಸಾಕು ಅನ್ನುತ್ತಿದ್ದವರು ಅವರು. ನಾನು ಮುಖ ನೋಡಿದೆ. ಅವರು ನಗಲಿಲ್ಲ.

“ಎದೆಗೋಸ್ಕರ ಅಂದ್ರೆ ನಗ್ತಾರೆ ಮಾರಾಯ್ತಿ, ಹರಕೆ ಅಂದ್ರೆ ದಾರಿ ಬಿಡ್ತಾರೆ. ಸುಳ್ಳು ಹೇಳೋದು ನಂಗೆ ಹೇಸಿಗೆ. ಆದ್ರೆ ಸಾಯೋಕೆ ಮನಸ್ಸಿಲ್ಲ.”

ದಾರಿ ಬಿಟ್ಟರು. ಮಂಡಿಯವನ ಬೈಕ್ ಮತ್ತೆ ಅಡ್ಡ ನಿಲ್ಲಲಿಲ್ಲ. ಜಲ್ಲಿ ಚುಚ್ಚಿ ಅವರ ಹಿಮ್ಮಡಿ ಸೀಳಿದ್ದು ಮಾತ್ರ ಯಾರಿಗೂ ಕಾಣಲಿಲ್ಲ. ಎಷ್ಟೋ ವರ್ಷ ಹಾಗೇ ನಡೆದರು, ಮೊಮ್ಮಗಳು ಡಿಗ್ರಿ ಮುಗಿಸಿದ್ದು ನೋಡಿದರು, ಹೋದ ವರ್ಷ ನಿದ್ದೆಯಲ್ಲೇ ಹೋದರು. ವೈಕುಂಠ ಸಮಾರಾಧನೆಯ ದಿನ ಮಂಡಿಯವನು ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುತ್ತಾ, ಎಲ್ಲಾ ಆ ಗಣಪತಿ ಕೊಟ್ಟ ಆಯಸ್ಸು ಅಂದ. ಪಂಕ್ತಿಗೆ ಪಂಕ್ತಿಯೇ ತಲೆಯಾಡಿಸಿತು. ನಾನು ನನ್ನ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ.

ಈಗ ನನಗೂ ಡಾಕ್ಟರು ದಿನಾ ನಡೆಯಲೇಬೇಕು ಅಂತ ಹೇಳಿದ್ದಾರೆ. ಹೊರಟ ಮೊದಲ ದಿನವೇ ಬೈಕ್ ನಿಂತವು. ಮನೇಲಿ ಎಂತ ಗಲಾಟೆ ಅಂತ ಒಬ್ಬ ಕೇಳಿಯೂಬಿಟ್ಟ. ಟೀಚರಮ್ಮನ ಸೊಸೆಯ ಹತ್ತಿರ ಹೋಗಿ ಹೇಳಿಕೊಂಡೆ. ಅವಳು ಒಳಗೆ ಹೋಗಿ ಶೂವನ್ನೂ ಬುಟ್ಟಿಯನ್ನೂ ತಂದು ಜಗಲಿಯ ಮೇಲಿಟ್ಟಳು. ಶೂ ಇನ್ನೂ ಬೆಳ್ಳಗೇ ಇತ್ತು. ಬುಟ್ಟಿಯ ಹಿಡಿ ಸವೆದು ಕಪ್ಪಾಗಿತ್ತು.

“ಅತ್ತೆಗೆ ಶೂ ಹಾಕ್ಕೊಂಡು ನಡೆಯೋದೇ ಇಷ್ಟ ಇತ್ತು,” ಅಂದಳು.

ನಾನು ಬುಟ್ಟಿ ತೆಗೆದುಕೊಂಡೆ.

ಮಾರನೆಯ ಬೆಳಿಗ್ಗೆ ಹಿಂದಿನಿಂದ ಬಂದ ಬೈಕೊಂದು ನಿಧಾನವಾಯಿತು. ಸವಾರ ಬುಟ್ಟಿ ನೋಡಿದ, ಒಂದು ಕೈ ಬಿಟ್ಟು ಭಕ್ತಿಯಿಂದ ಎದೆ ಮುಟ್ಟಿಕೊಂಡ, ಮುಂದೆ ಹೋದ. ಥೂ ಅನ್ನಿಸಿತು. ನಡೆಯುತ್ತಾ ಹೋದೆ.