ಹಗೇವಿನೊಳಗಿನ ಅಡವಿ ಬೆಕ್ಕು

ನಾನಿನ್ನೂ ಪರಕಾರ ಉಡುವ ಚಿಕ್ಕ ಹುಡುಗಿಯಾಗಿದ್ದಾಗ, ಅಳವಂಡಿಯ ನಮ್ಮ ಮನೆಯ ಅಂಗಳದ ಕೆಳಗೆ ಒಂದು ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟೇ. ಒಳಗೆ ಮಾತ್ರ ದೊಡ್ಡ ಗುಡಾಣದ ಹಾಗೆ ಅಗಲ. ಆ ಬೇಸಿಗೆಯಲ್ಲಿ ತಳದ ಜೋಳವಷ್ಟೇ ಉಳಿದಿತ್ತು.

ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ. ಅವಸರಪಟ್ಟು ಇಳಿದವರು ಉಸಿರುಕಟ್ಟಿ ಸಾಯುತ್ತಾರೆ. ಅದಕ್ಕೇ ಅಪ್ಪ ಎರಡು ದಿನ ಅದರ ಬಾಯಿ ತೆರೆದಿಟ್ಟರು. ಮೂರನೆಯ ದಿನ ಬೆಳಿಗ್ಗೆ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟರು. ದೀಪ ಆರಲಿಲ್ಲ. ಗಾಳಿ ಚೊಕ್ಕಟವಾಗಿದೆ ಎಂದಾಯಿತು. ಒಳಗೆ ಬೇರೇನಾದರೂ ಇದ್ದೀತೆಂದು ಯಾರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಹಗುರಾದವಳು ನಾನು. ಸೊಂಟಕ್ಕೆ ಹಗ್ಗ ಬಿಗಿದು, ಜೋಳ ತುಂಬಲು ಬುಟ್ಟಿ ಕೊಟ್ಟು ನನ್ನನ್ನೇ ಇಳಿಸಿದರು. ನನಗೋ ಅಕ್ಕನಿಗೆ ಸಿಗದ ಮಾನ ಸಿಕ್ಕಿತೆಂದು ಜಂಬ.

ಒಳಗೆ ಹಳೆಯ ಜೋಳದ ಹುಳಿವಾಸನೆ. ಬಗ್ಗಿ ಬುಟ್ಟಿ ಇಟ್ಟೆ. ಮೂಲೆಯಲ್ಲಿ ಏನೋ 'ಖಸ್' ಎಂದಿತು. ಕಂದೀಲಿನ ಬೆಳಕಿಗೆ ಎರಡು ಕಣ್ಣು ಹೊಳೆದವು. ನನ್ನ ಜೀವ ಬಾಯಿಗೆ ಬಂತು.

"ಯಪ್ಪಾ, ಹುಲಿ ಐತಿ! ಜಗ್ಗು, ಲಗೂನ ಜಗ್ಗು!"

ಅಪ್ಪ ಜಗ್ಗಿದರು. ನಾನು ನೆಲ ಬಿಟ್ಟು ತೂಗಾಡುತ್ತಿದ್ದಾಗ ಅದು ಹಾರಿ ಬೆನ್ನಿಗೆ ಕಚ್ಚಿಕೊಂಡಿತು. ಉಗುರು ಊರುತ್ತಾ ಹೆಗಲೇರಿತು. ಅದರ ಎದೆ ನನ್ನ ಕಿವಿಯ ಹತ್ತಿರ ಡವಡವ ಹೊಡೆದುಕೊಳ್ಳುತ್ತಿತ್ತು. ಮೇಲೆ ನೋಡಿದರೆ ಅಪ್ಪನ ತಮ್ಮ, ನಮ್ಮ ಕಾಕಾ, ಬಡಿಗೆ ಎತ್ತಿ ನಿಂತಿದ್ದಾರೆ! ಅದರ ತಲೆ, ನನ್ನ ತಲೆ ಎರಡೂ ಒಂದೇ ಕಡೆ.

"ಹೊಡಿಬ್ಯಾಡೋ ಕಾಕಾ! ತಂಗಿ ತಲಿ ಒಡಿತೈತಿ!" ಎಂದು ಅಕ್ಕ ಅವರ ಕೈಗೆ ಜೋತುಬಿದ್ದಳು.

ನಾವಿಬ್ಬರೂ ಒಟ್ಟಿಗೇ ಬಿಸಿಲಿಗೆ ಬಂದೆವು. ಅದು ನನ್ನ ನೆತ್ತಿ ಮೆಟ್ಟಿ ಜಿಗಿದು ಬೇಲಿಯೊಳಗೆ ಮಾಯವಾಯಿತು. ಎಲ್ಲರೂ ದಂಗುಬಡಿದು ನಿಂತರು. ಹುಲಿ ಎಂದು ಅರಚಿದ್ದೆನಲ್ಲ, ಅದು ನಮ್ಮ ಮನೆಯ ಬೆಕ್ಕಿಗಿಂತ ಚಿಕ್ಕದು! ಬೂದು ಮೈ, ಬೆನ್ನ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು, ಹಣೆಯಲ್ಲಿ ಬಿಳಿ ಗೆರೆ. ಅಪ್ಪ ನನ್ನ ಸೊಂಟದ ಹಗ್ಗ ಬಿಚ್ಚಿದರು.

"ಅಡವಿ ಬೆಕ್ಕದು," ಎಂದರು. "ಹಗಲೆಲ್ಲ ಕಲ್ಲಿನ ಸಂದ್ಯಾಗ ಮಲಗತೈತಿ. ಕತ್ತಲಾತಂದ್ರ ಇಲಿ ಹಿಡಿಯಾಕ ಬರತೈತಿ. ಇಲಿ ಬೆನ್ನ ಹತ್ತಿ ಬಂದು ಬಿದ್ದೈತಿ ನೋಡು. ಹಗೇವಿನ ಬಾಯಿ ತೆರೆದಿಟ್ಟಾಂವ ನಾನ."

ಮರ ಏರುವ ಪ್ರಾಣಿಗೂ ಒಳಬಾಗಿದ ಆ ಗೋಡೆ ಹತ್ತಲು ಬಂದಿರಲಿಲ್ಲ. ಅದಕ್ಕೆ ಏಣಿಯಾದವಳು ನಾನು! ಬೆನ್ನು ಉರಿಯುತ್ತಿತ್ತು, ಸಿಟ್ಟೂ ಬಂದಿತ್ತು. ನೀರಿಲ್ಲದೆ ಆ ಕತ್ತಲೆಯಲ್ಲಿ ಕೂತಿತ್ತಲ್ಲ ಎಂದು ನೆನೆದಾಗ ಸಿಟ್ಟು ಉಳಿಯಲಿಲ್ಲ.

ಮುಂದಿನ ಬೇಸಿಗೆಯಿಂದ ಹಗೇವು ತೆರೆದ ಕೂಡಲೇ ಅಪ್ಪ ಉದ್ದನೆಯ ಬೇವಿನ ಟೊಂಗೆಯೊಂದನ್ನು ಒಳಗೆ ಇಳಿಬಿಡುತ್ತಿದ್ದರು. ಬಿದ್ದವರು ಹತ್ತಿ ಹೋಗಲಿ ಎಂದು.

ಮಕ್ಕಳೇ, ನಿಮ್ಮ ಮನೆಯಲ್ಲಿ ಜೋಳ ಡಬ್ಬಿಯಲ್ಲಿದೆ, ಬೆಕ್ಕು ಸೋಫಾದ ಮೇಲಿದೆ. ಮೊನ್ನೆ ಹಿತ್ತಲಲ್ಲಿ ನೀರಿನ ತೊಟ್ಟಿಗೆಂದು ಆಳವಾದ ಗುಂಡಿ ತೋಡಿಸಿದಿರಿ. ಸಂಜೆಯಾಗುತ್ತಲೇ ನಾನು ಅದರೊಳಗೆ ಟೊಂಗೆ ಇಳಿಬಿಟ್ಟಿದ್ದನ್ನು ಕಂಡು, ಅಜ್ಜಿಗೆ ಅರುಳುಮರುಳು ಎಂದು ನಕ್ಕಿರಲ್ಲ? ನಗಿ. ಟೊಂಗೆಯನ್ನು ಮಾತ್ರ ಯಾರೂ ತೆಗೆಯಬೇಡಿ.